ಮನೆಯಲ್ಲಿ ಬಂದೂಕಿದೆ, ಮನೆಯವರೊಬ್ಬರು ಸಾಯುವ ಮಾತಾಡುತ್ತಿದ್ದಾರೆ: ಯಾವುದು ಮೊದಲು, ಯಾವುದು ಆಮೇಲೆ

ಈ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಮನೆಯವರೊಬ್ಬರು 'ಬದುಕಿ ಏನು ಮಾಡಬೇಕು' ಅನ್ನುತ್ತಿರುತ್ತಾರೆ. ಸುತ್ತಲಿನವರು ಬುದ್ಧಿ ಹೇಳುತ್ತಾರೆ, ಅಳುತ್ತಾರೆ, ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುತ್ತಾರೆ. ಬೀರುವಿನ ಬಂದೂಕು ಮಾತ್ರ ಇದ್ದಲ್ಲೇ ಇರುತ್ತದೆ, ಅದರ ಮಾತೆತ್ತಲು ಎಲ್ಲರಿಗೂ ಮುಜುಗರ. ಇನ್ನು ಕೆಲವರು ಯಾರಿಗೂ ಹೇಳದೆ ಅದನ್ನು ಅಟ್ಟದ ಮೇಲೆ ಬಚ್ಚಿಟ್ಟು, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಎರಡೂ ಸಾಲದು.

ಈ ಮಾರ್ಗದರ್ಶಿ ಜೊತೆಗಿರುವವರಿಗಾಗಿ: ಗಂಡ, ಹೆಂಡತಿ, ಅಣ್ಣ, ತಂಗಿ, ಮಕ್ಕಳು, ಗೆಳೆಯರು. ನಿಮಗೇ ಅಂಥ ಯೋಚನೆ ಬರುತ್ತಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಬಂದೂಕಿರುವ ಜಾಗದಿಂದ ಹೊರಗೆ ಬನ್ನಿ, ಈಗಲೇ ಯಾರಿಗಾದರೂ ಫೋನ್ ಮಾಡಿ. ಭಾರತದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಅದರ ನಂಬರ್ 14416. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಮೆರಿಕದಲ್ಲಿರುವವರಿಗೆ 988.

## ಈ ಕ್ಷಣವೇ ಅಪಾಯವಿದ್ದರೆ

ಬಂದೂಕು ಆಗಲೇ ಅವರ ಕೈಯಲ್ಲಿದೆ, ಅಥವಾ ಅದನ್ನು ಹಿಡಿದು ಕೋಣೆ ಸೇರಿದ್ದಾರೆ ಅಂತಾದರೆ ಕೆಳಗಿನ ಯಾವ ಹಂತವೂ ಈಗ ಬೇಡ. ಕಿತ್ತುಕೊಳ್ಳಲು ಹೋಗಬೇಡಿ. ಮಕ್ಕಳನ್ನೂ ಉಳಿದವರನ್ನೂ ಮನೆಯಿಂದ ಹೊರಗೆ ಕಳಿಸಿ. ತುರ್ತು ನಂಬರಿಗೆ ಕರೆ ಮಾಡಿ: ಭಾರತದಲ್ಲಿ 112, ಅಮೆರಿಕದಲ್ಲಿ 911. ಮೊದಲ ವಾಕ್ಯದಲ್ಲೇ ಎರಡು ವಿಷಯ ಹೇಳಿ: 'ಇವರು ಸಾಯುವ ಮಾತಾಡುತ್ತಿದ್ದಾರೆ, ಕೈಯಲ್ಲಿ ಬಂದೂಕಿದೆ.' ಬಂದೂಕಿನ ವಿಷಯ ಮುಚ್ಚಿಟ್ಟರೆ ಬರುವವರಿಗೂ ಅಪಾಯ, ನಿಮ್ಮವರಿಗೂ ಅಪಾಯ.

ಆಮೇಲೆ ಮರೆಯಲ್ಲಿ ನಿಂತು, ದೂರದಿಂದಲೇ, ಮೆಲ್ಲಗೆ ಮಾತಾಡುತ್ತಿರಿ. ವಾದ ಬೇಡ. 'ನಾನು ಇಲ್ಲೇ ಇದ್ದೀನಿ, ಅದನ್ನ ಕೆಳಗಿಟ್ಟು ಹೊರಗೆ ಬಾ' ಅನ್ನುವಷ್ಟು ಸಾಕು.

## ಬಂದೂಕೇ ಮೊದಲು ಯಾಕೆ

ಸಾಯುವ ಯೋಚನೆ ತಿಂಗಳುಗಟ್ಟಲೆ ಬಂದು ಹೋಗುತ್ತಿರಬಹುದು. ಆದರೆ 'ಈಗಲೇ' ಅನ್ನುವ ಗಳಿಗೆ ತುಂಬಾ ಚಿಕ್ಕದು. ಅಮೆರಿಕದ ಹ್ಯೂಸ್ಟನ್‌ನಲ್ಲಿ, ಪ್ರಾಣ ಹೋಗುವಷ್ಟು ಗಂಭೀರ ಪ್ರಯತ್ನ ಮಾಡಿ ಬದುಕುಳಿದ ಯುವಜನರನ್ನು ಸಂಶೋಧಕರು ಮಾತಾಡಿಸಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ನಿರ್ಧಾರಕ್ಕೂ ಕೃತ್ಯಕ್ಕೂ ನಡುವೆ 5 ನಿಮಿಷವೂ ಇರಲಿಲ್ಲ ಅಂದಿದ್ದರು. ಆ ಗಳಿಗೆ ದಾಟಿದವರು ಹೆಚ್ಚಾಗಿ ಬದುಕುತ್ತಾರೆ. ಪ್ರಯತ್ನ ಮಾಡಿ ಉಳಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ ಅನ್ನುವುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡ ವಿಷಯ. ಬಂದೂಕು ಆ ಗಳಿಗೆಯನ್ನು ದಾಟಲು ಬಿಡುವುದಿಲ್ಲ. ನಡುವೆ ಮನಸ್ಸು ಬದಲಾಯಿಸಲು, ಯಾರನ್ನಾದರೂ ಕೂಗಲು ಅವಕಾಶವೇ ಇರುವುದಿಲ್ಲ.

ದೂರ ಇಟ್ಟರೆ ಎಷ್ಟು ಫರಕ್ ಆಗುತ್ತದೆ ಅನ್ನುವುದಕ್ಕೆ ಇಸ್ರೇಲಿ ಸೇನೆಯ ಉದಾಹರಣೆ ಸಾಕು. 2006ರಲ್ಲಿ ಅವರು ಒಂದೇ ಒಂದು ನಿಯಮ ಬದಲಿಸಿದರು: ವಾರಾಂತ್ಯದ ರಜೆಗೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು. ಸೈನಿಕರ ಆತ್ಮಹತ್ಯೆ ಪ್ರಮಾಣ ಶೇ 40ರಷ್ಟು ಇಳಿಯಿತು. ಇಳಿದದ್ದು ಮುಖ್ಯವಾಗಿ ವಾರಾಂತ್ಯದ ಸಾವುಗಳೇ. ಆ ಸೈನಿಕರೆಲ್ಲ ವಾರದ ಉಳಿದ ದಿನಗಳಿಗೆ ಮುಂದೂಡಿದರು ಅಂತೇನೂ ಆಗಲಿಲ್ಲ.

ಹಾಗಾಗಿ ಮನಸ್ಸು ಸರಿಪಡಿಸುವ ಕೆಲಸಕ್ಕೆ ವಾರಗಳು ಬೇಕು, ಬಂದೂಕು ದೂರ ಮಾಡುವ ಕೆಲಸ ಇವತ್ತೇ ಆಗಬೇಕು.

## ಶುರು ಮಾಡುವ ಮೊದಲು ಏನೇನು ಬೇಕು

ಜೊತೆಗೆ ಇನ್ನೊಬ್ಬರು ಬೇಕು. ಒಬ್ಬರೇ ಮಾಡಲು ಹೋಗಬೇಡಿ. ಒಬ್ಬರು ವ್ಯಕ್ತಿಯ ಜೊತೆ ಕೂತಿರುವಾಗ ಇನ್ನೊಬ್ಬರು ಬಂದೂಕಿನ ವ್ಯವಸ್ಥೆ ನೋಡಬೇಕು. ಆ ಇನ್ನೊಬ್ಬರಿಗೆ ಬಂದೂಕು ಹಿಡಿದು ಗೊತ್ತಿದ್ದರೆ ಒಳ್ಳೆಯದು.

ಅದನ್ನು ಎಲ್ಲಿಗೆ ಒಯ್ಯುತ್ತೀರಿ ಅನ್ನುವುದು ಮೊದಲೇ ಗೊತ್ತಿರಲಿ. ಅವರು 'ಸರಿ, ತಗೊಂಡು ಹೋಗು' ಅಂದ ಮೇಲೆ ನೀವು ಫೋನ್ ಹಿಡಿದು ಎರಡು ದಿನ ವಿಚಾರಿಸುತ್ತಾ ಕೂತರೆ ಅವರ ಮನಸ್ಸು ತಿರುಗುತ್ತದೆ. ಇದರ ಜೊತೆಗೆ ಒಂದು ಒಳ್ಳೆಯ ಬೀಗ, ಒಂದು ಹಾಳೆ, ಪೆನ್ನು, ಮತ್ತು ಯಾರೂ ಬಾಗಿಲು ಬಡಿಯದ ಒಂದು ಗಂಟೆ ಬಿಡುವು. ಅವರು ಕುಡಿದಿರುವ ಹೊತ್ತು ಈ ಮಾತಿಗೆ ಒಳ್ಳೆಯದಲ್ಲ. ಹಾಗಂತ ಅಪಾಯ ಜಾಸ್ತಿ ಕಂಡರೆ ಒಳ್ಳೆಯ ಹೊತ್ತಿಗೆ ಕಾಯುತ್ತಾ ಕೂರಬೇಡಿ, ಒಂಟಿಯಾಗಿ ಬಿಡಲೂಬೇಡಿ.

## ಹಂತ 1: ಸೂಚನೆಗಳನ್ನು ಗುರುತಿಸಿ

'ನನ್ನಿಂದ ಎಲ್ಲರಿಗೂ ತೊಂದರೆ', 'ನಾನಿಲ್ಲದಿದ್ದರೆ ನೀವೆಲ್ಲ ಚೆನ್ನಾಗಿರ್ತೀರಿ' ಅನ್ನುವ ಮಾತುಗಳನ್ನು ಬೇಜಾರಿನ ಮಾತು ಅಂತ ತಳ್ಳಿಹಾಕಬೇಡಿ. ಇಷ್ಟದ ವಸ್ತುಗಳನ್ನು ಹಂಚುವುದು, ಸಾಲದ ಲೆಕ್ಕ, ಆಸ್ತಿ ಪತ್ರ ಇದ್ದಕ್ಕಿದ್ದಂತೆ ಒಪ್ಪಿಸುವುದು, ನಿದ್ದೆ ಕೆಡುವುದು, ಕುಡಿತ ಏರುವುದು, ಜನರಿಂದ ದೂರವಾಗುವುದು, ಇವೆಲ್ಲ ಸೂಚನೆಗಳೇ. ತಿಂಗಳಿಂದ ಕುಗ್ಗಿದ್ದವರು ಕಾರಣವಿಲ್ಲದೆ ಒಮ್ಮೆಲೇ ಶಾಂತವಾದರೆ 'ಅಬ್ಬಾ, ಸರಿಹೋದರು' ಅಂತ ನಿರಾಳವಾಗಬೇಡಿ. ಕೇಳಿ.

ಬಂದೂಕಿಗೇ ಸಂಬಂಧಪಟ್ಟ ಸೂಚನೆಗಳು ಬೇರೆ ಇವೆ. ವರ್ಷಗಳಿಂದ ಮುಟ್ಟದಿದ್ದ ಬಂದೂಕನ್ನು ಹೊರಗೆ ತೆಗೆಯುವುದು, ಬೀಗದ ಕೈ ಎಲ್ಲಿದೆ ಅಂತ ವಿಚಾರಿಸುವುದು, ಅಗತ್ಯವಿಲ್ಲದೆ ಹೊಸದಾಗಿ ಗುಂಡು ತರುವುದು, ಬಂದೂಕಿರುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವುದು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಮಾತಾಡಬೇಕು.

ಸಂಬಂಧ ಮುರಿದ ದಿನಗಳು, ಕೆಲಸ ಹೋದಾಗ, ಕೋರ್ಟು ಕೇಸು, ದೊಡ್ಡ ಕಾಯಿಲೆಯ ಸುದ್ದಿ, ಇವೆಲ್ಲ ಕಣ್ಣಿಟ್ಟಿರಬೇಕಾದ ಹೊತ್ತು. ಮಾನಸಿಕ ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದ ಮೊದಲ ವಾರಗಳಲ್ಲಂತೂ ಅಪಾಯ ಹೆಚ್ಚು. ಮನೆಯವರು 'ಗುಣವಾಗಿ ಬಂದರು' ಅಂತ ಕಾವಲು ಸಡಿಲಿಸುವುದೂ ಆಗಲೇ.

## ಹಂತ 2: ನೇರವಾಗಿ ಕೇಳಿ

ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ಆ ಭಯಕ್ಕೆ ಆಧಾರವಿಲ್ಲ. ಇದನ್ನೇ ಪರೀಕ್ಷಿಸಿದ ಅಧ್ಯಯನಗಳಲ್ಲಿ ಕೇಳಿದ್ದರಿಂದ ಯೋಚನೆ ಹೆಚ್ಚಾದದ್ದು ಕಂಡಿಲ್ಲ. ಎಷ್ಟೋ ಮಂದಿಗೆ ಯಾರೋ ಕೇಳಿದರಲ್ಲ ಅನ್ನುವುದೇ ಹಗುರ.

ತಪ್ಪಾಗುವುದು ಪ್ರಶ್ನೆಯ ರೂಪದಲ್ಲಿ. 'ಅಂಥದ್ದೇನೂ ಯೋಚನೆ ಇಲ್ಲ ತಾನೇ?' ಅಂತ ಕೇಳಿದರೆ ಉತ್ತರವನ್ನೂ ನೀವೇ ಕೊಟ್ಟ ಹಾಗೆ. ಎದುರಿನವರು 'ಇಲ್ಲ ಇಲ್ಲ' ಅಂತಾರೆ, ನಿಮಗೆ ಸಮಾಧಾನ, ಅಲ್ಲಿಗೆ ಮುಗಿಯಿತು. ಹೀಗೆ ಕೇಳಿ: 'ಈಚೆಗೆ ನೀನು ತುಂಬಾ ಕುಗ್ಗಿದ್ದೀಯ. ಸಾಯಬೇಕು ಅನ್ನಿಸ್ತಿದೆಯಾ?' ಕೇಳಿ ಸುಮ್ನಿರಿ. ಅರ್ಧ ನಿಮಿಷದ ಮೌನ ಬಹಳ ಉದ್ದ ಅನ್ನಿಸುತ್ತದೆ, ಅದನ್ನು ತುಂಬಲು ಹೋಗಬೇಡಿ.

'ಹೌದು' ಅಂದರೆ ಗಾಬರಿ ಮುಖಕ್ಕೆ ಬಾರದಂತೆ ಮುಂದಿನದ್ದು ಕೇಳಿ. ಹೇಗೆ ಅಂತ ಯೋಚಿಸಿದ್ದೀಯಾ? ಯಾವಾಗ ಅಂತ ಇದೆಯಾ? ಬಂದೂಕಿನ ಬಗ್ಗೆ ಯೋಚನೆ ಬಂದಿದೆಯಾ? ಮೂರನೆಯ ಪ್ರಶ್ನೆಯನ್ನೇ ಜನ ನುಂಗಿಬಿಡುತ್ತಾರೆ. ದಾರಿ, ಸಮಯ ಎರಡೂ ಗೊತ್ತುಮಾಡಿಕೊಂಡಿದ್ದರೆ ಇವತ್ತೇ ಆಸ್ಪತ್ರೆ, ನಾಳೆ ಅನ್ನುವ ಮಾತಿಲ್ಲ.

'ಯಾರಿಗೂ ಹೇಳಲ್ಲ ಅಂತ ಮಾತು ಕೊಡು' ಅಂದರೆ ಕೊಡಬೇಡಿ. 'ಊರಿಗೆಲ್ಲ ಹೇಳಲ್ಲ, ನಿನ್ನ ಜೀವ ಉಳಿಯಲು ಯಾರಿಗೆ ಹೇಳಬೇಕೋ ಅವರಿಗೆ ಹೇಳ್ತೀನಿ, ನಿನ್ನೆದುರೇ ಹೇಳ್ತೀನಿ' ಅನ್ನಿ. ಹಾಗೆಯೇ 'ಮಕ್ಕಳ ಮುಖ ನೋಡಿಯಾದರೂ' ಅನ್ನುವ ಮಾತು ಬೇಡ. ನಾನು ಹೊರೆ ಅಂತ ಆಗಲೇ ನಂಬಿಕೊಂಡವರಿಗೆ ಅದು ಇನ್ನೊಂದು ಅಪರಾಧದ ಭಾವ ಅಷ್ಟೇ. ಆಣೆ ಮಾಡಿಸುವುದೂ ಉಪಯೋಗವಿಲ್ಲ. ಆಣೆಯ ನೆಮ್ಮದಿ ನಿಮಗೆ, ಸಂಕಟ ಅವರಲ್ಲೇ ಉಳಿಯುತ್ತದೆ.

## ಹಂತ 3: ಬಂದೂಕಿನ ಮಾತು ತೆಗೆಯಿರಿ

ಇದು ನಾಜೂಕಿನ ಹಂತ. ಬಂದೂಕು ಅಂದರೆ ಹಲವರಿಗೆ ತಂದೆಯಿಂದ ಬಂದ ವಸ್ತು, ರಕ್ಷಣೆ, ಮರ್ಯಾದೆ ಎಲ್ಲವೂ. 'ಕಿತ್ಕೋತಾರೆ' ಅನ್ನಿಸಿದ ಕೂಡಲೇ ಕಿವಿ ಮುಚ್ಚಿಕೊಳ್ಳುತ್ತಾರೆ. ಮೂರು ವಿಷಯ ಮಾತಿನಲ್ಲಿ ಬರಲಿ: ಇದು ತಾತ್ಕಾಲಿಕ, ಬಂದೂಕು ಅವರದ್ದೇ, ನಿಮಗೆ ಬೇಕಿರುವುದು ಅವರ ಜೀವ. ಬಂದೂಕು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಚರ್ಚೆಗೆ ಇಳಿಯಲೇಬೇಡಿ.

ಅಕ್ಕನ ಗಂಡನ ಜೊತೆ ಮೈದುನ ಮಾತಾಡುತ್ತಿದ್ದಾನೆ ಅಂದುಕೊಳ್ಳಿ:

'ಭಾವ, ರಾತ್ರಿಯೆಲ್ಲ ನಿದ್ದೆ ಇಲ್ಲ ಅಂದ್ರಿ. ಇಂಥ ಸಮಯದಲ್ಲಿ ಬಂದೂಕು ಮನೇಲಿ ಇರೋದು ನನಗೆ ಭಯ ಆಗ್ತಿದೆ.'

'ನಾನೇನು ಹುಚ್ಚನೇನೋ?'

'ಹುಚ್ಚು ಅಂತ ಯಾರಂದ್ರು? ಕುಡಿದ ದಿನ ನೀವೇ ಗಾಡಿ ಕೀ ನನ್ನ ಕೈಗೆ ಕೊಡಲ್ವಾ? ಇದೂ ಹಾಗೇ. ಸ್ವಲ್ಪ ದಿನ ಬೇರೆ ಕಡೆ ಇರಲಿ. ನೀವು ಹುಷಾರಾದ ಮೇಲೆ ನಿಮ್ಮದು ನಿಮಗೇ.'

'ಮನೆಗೆ ಕಳ್ಳಕಾಕರು ಬಂದ್ರೆ?'

'ಅಲ್ಲೀವರೆಗೂ ನಾನು ಇಲ್ಲೇ ಮಲಗ್ತೀನಿ.'

ಗಮನಿಸಿ, ರಕ್ಷಣೆಯ ಪ್ರಶ್ನೆಗೆ ಮೈದುನ ವಾದ ಮಾಡಲಿಲ್ಲ. ಅವರ ಭಯ ನಿಜವಾದದ್ದು ಅಂತ ಒಪ್ಪಿ, ಅದಕ್ಕೊಂದು ಬದಲಿ ಕೊಟ್ಟ. ಬಾಗಿಲಿಗೆ ಗಟ್ಟಿ ಚಿಲಕ, ಹೊರಗೊಂದು ದೀಪ, ಜೊತೆಗೊಬ್ಬರು, ಏನಾದರೂ ಸರಿ.

ಮಾತು ನಿಮ್ಮಿಂದಲೇ ಬರಬೇಕೆಂದಿಲ್ಲ. ಬಂದೂಕು ಇಟ್ಟುಕೊಂಡಿರುವ ಇನ್ನೊಬ್ಬ ಗೆಳೆಯ ಹೇಳಿದರೆ ಬೇಗ ನಾಟುತ್ತದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 2009ರಲ್ಲಿ ಒಂದು ವಾರದೊಳಗೆ ಮೂವರು, ಒಬ್ಬರಿಗೊಬ್ಬರು ಸಂಬಂಧವಿಲ್ಲದವರು, ಒಂದೇ ಅಂಗಡಿಯಲ್ಲಿ ಬಂದೂಕು ಕೊಂಡು ಜೀವ ಕಳೆದುಕೊಂಡರು. ಆಮೇಲೆ ಬಂದೂಕು ಮಾರುವವರೇ ಆರೋಗ್ಯ ಕಾರ್ಯಕರ್ತರ ಜೊತೆ ಸೇರಿ, ಸಂಕಟದಲ್ಲಿರುವ ಗೆಳೆಯನ ಬಂದೂಕನ್ನು ಸ್ವಲ್ಪ ಕಾಲ ದೂರ ಇಡಿ ಅಂತ ಗಿರಾಕಿಗಳಿಗೆ ಹೇಳತೊಡಗಿದರು. ಅದೇ ಮಾತು ಡಾಕ್ಟರ ಬಾಯಿಂದ ಬಂದಿದ್ದರೆ ಎಷ್ಟು ಜನ ಕೇಳುತ್ತಿದ್ದರೋ.

ಒಪ್ಪದಿದ್ದರೆ? ಮೊದಲು ಅರ್ಧದಾರಿ ಹುಡುಕಿ: ಬಂದೂಕು ಇರಲಿ, ಗುಂಡು ಮಾತ್ರ ಕೊಡಿ. ಅದಕ್ಕೂ ಒಪ್ಪದೆ, ಅಪಾಯವೂ ಕಣ್ಣಿಗೆ ಕಾಣುತ್ತಿದ್ದರೆ ಮನಸ್ತಾಪಕ್ಕೆ ಹೆದರಬೇಡಿ, ಡಾಕ್ಟರನ್ನೂ ಪೊಲೀಸರನ್ನೂ ಸೇರಿಸಿಕೊಳ್ಳಿ. ಭಾರತದಲ್ಲಿ ಲೈಸೆನ್ಸ್ ಕೊಟ್ಟ ಅಧಿಕಾರಿಗೆ ಅದನ್ನು ಅಮಾನತಿನಲ್ಲಿಡುವ ಅಧಿಕಾರ ಕಾನೂನಿನಲ್ಲೇ ಇದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಸಂದರ್ಭದಲ್ಲಿ ಕೋರ್ಟಿನಿಂದ ತಾತ್ಕಾಲಿಕ ಆದೇಶ ಪಡೆಯಬಹುದು, ಕೆಲವೆಡೆ ಮನೆಯವರೇ ಅರ್ಜಿ ಹಾಕಬಹುದು. 'ಪೊಲೀಸರಿಗೆ ಹೇಳಿದರೆ ಕೇಸಾಗುತ್ತೆ' ಅನ್ನುವ ಅಳುಕು ಭಾರತದಲ್ಲಿ ಇನ್ನೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ.

## ಹಂತ 4: ಮನೆಯಿಂದ ಹೊರಗೆ ಕಳಿಸಿ

ಎಲ್ಲಕ್ಕಿಂತ ಒಳ್ಳೆಯದು ಬಂದೂಕು ಆ ಮನೆಯಲ್ಲೇ ಇಲ್ಲದಿರುವುದು. ಎಷ್ಟಿವೆ ಅಂತ ಮೊದಲು ಎಣಿಸಿ. ಒಂದನ್ನು ಕಳಿಸಿ, ಕಾರಿನಲ್ಲೋ ತೋಟದ ಮನೆಯಲ್ಲೋ ಇರುವ ಇನ್ನೊಂದನ್ನು ಮರೆಯುವುದು ತೀರಾ ಸಾಮಾನ್ಯ. ಬಿಡಿ ಗುಂಡುಗಳೂ ಲೆಕ್ಕಕ್ಕೆ ಬರಬೇಕು: ಡ್ರಾಯರಿನ ಮೂಲೆ, ಹಳೇ ಜಾಕೆಟ್ಟಿನ ಜೇಬು, ಬ್ಯಾಗಿನ ಪಕ್ಕದ ಜಿಪ್ಪು.

ಒಯ್ಯುವ ಕೆಲಸ ಸಂಕಟದಲ್ಲಿರುವವರ ಕೈಗೆ ಬೇಡ. 'ನಾನೇ ಹೋಗಿ ಕೊಟ್ಟು ಬರ್ತೀನಿ' ಅಂದರೆ ಒಂಟಿಯಾಗಿ ಕಳಿಸುವಂತಿಲ್ಲ. ನಿಮಗೆ ಬಂದೂಕು ಹಿಡಿದು ಗೊತ್ತಿಲ್ಲದಿದ್ದರೆ ನೀವೂ ಮುಟ್ಟಬೇಡಿ. ಗೊತ್ತಿರುವವರು ಬಂದು ಗುಂಡು ತೆಗೆದು, ಎರಡು ಸಲ ನೋಡಿ, ಬಂದೂಕು ಬೇರೆ, ಗುಂಡು ಬೇರೆ ಚೀಲದಲ್ಲಿ ಹಾಕಲಿ.

ಎಲ್ಲಿಡಬೇಕು ಅನ್ನುವುದನ್ನು ಆಯಾ ಜಾಗದ ಕಾನೂನು ತೀರ್ಮಾನಿಸುತ್ತದೆ. ಭಾರತದಲ್ಲಿ ಲೈಸೆನ್ಸ್ ಇಲ್ಲದವರ ಕೈಗೆ ಒಪ್ಪಿಸಿದರೆ ಅದೇ ಅಪರಾಧ, ಹಾಗಾಗಿ ಪಕ್ಕದ ಮನೆಯವರು ಬೇಡ. ಪೊಲೀಸ್ ಠಾಣೆ ಅಥವಾ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲಿ ವಿಚಾರಿಸಿ, ಕೊಟ್ಟ ಮೇಲೆ ರಸೀದಿ ಪಡೆಯಿರಿ. ಅಮೆರಿಕದಲ್ಲಿ ಬಂದೂಕು ಅಂಗಡಿ, ಶೂಟಿಂಗ್ ರೇಂಜ್, ಬಾಡಿಗೆ ಗೋದಾಮು, ನಂಬಿಕೆಯ ಬಂಧು, ಹೀಗೆ ಆಯ್ಕೆಗಳಿವೆ. ಆದರೆ ಒಂದೊಂದು ರಾಜ್ಯದ ನಿಯಮ ಒಂದೊಂದು ಥರ. ಠಾಣೆಗೆ ಒಯ್ಯುವುದಾದರೆ ಮೊದಲು ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ. ಬಂದೂಕು ಕೈಯಲ್ಲಿ ಹಿಡಿದು ಸೀದಾ ಒಳಗೆ ನಡೆಯಬೇಡಿ.

## ಹಂತ 5: ಹೊರಗೆ ಕಳಿಸಲು ಆಗದಿದ್ದರೆ ಬೀಗ

ಇದು ಎರಡನೇ ದರ್ಜೆಯ ದಾರಿ, ಆದರೂ ದಾರಿಯೇ. ಗುಂಡು ತೆಗೆದ ಬಂದೂಕು ಒಂದು ಬೀಗದೊಳಗೆ, ಗುಂಡು ಇನ್ನೊಂದು ಬೀಗದೊಳಗೆ, ಬೀಗದ ಕೈ ಆ ಮನೆಯಲ್ಲಿ ವಾಸಿಸದ ಒಬ್ಬರ ಹತ್ತಿರ. ಮಕ್ಕಳು, ಹದಿಹರೆಯದವರಿರುವ ಮನೆಗಳಲ್ಲಿ ಗುಂಡು ತೆಗೆದಿಡುವುದು, ಬಂದೂಕಿಗೆ ಬೀಗ, ಗುಂಡು ಬೇರೆಡೆ ಇಡುವುದು, ಗುಂಡಿಗೆ ಬೀಗ, ಇವುಗಳಲ್ಲಿ ಒಂದೊಂದೂ ಅಪಾಯ ತಗ್ಗಿಸುವುದರ ಜೊತೆ ತಳಕುಹಾಕಿಕೊಂಡಿದೆ ಅಂತ 2005ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತ್ತು.

ಬಚ್ಚಿಡುವುದು ಬೀಗಕ್ಕೆ ಸಮ ಅಲ್ಲ. ಹಳೇ ದುಪ್ಪಟಿಯಲ್ಲಿ ಸುತ್ತಿ ಬೀರುವಿನ ತಲೆಯ ಮೇಲೆ ಮಲಗಿಸಿದ ಬಂದೂಕು, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಅಂಗಿಯ ಜೇಬಿನಲ್ಲಿ ಬೀಗದ ಕೈ: ಇದು ಮನೆಯ ಚಿಕ್ಕ ಮಗುವಿಗೂ ಗೊತ್ತಿರುತ್ತದೆ. ಅಮೆರಿಕದಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ, 'ಬಂದೂಕು ಎಲ್ಲಿದೆ ಅಂತ ನಮ್ಮ ಮಗುವಿಗೆ ಗೊತ್ತಿಲ್ಲ' ಅಂದ ತಂದೆತಾಯಿಯರ ಮಕ್ಕಳಲ್ಲಿ ಶೇ 39 ಮಂದಿ ಜಾಗ ತಮಗೆ ಗೊತ್ತಿದೆ ಅಂದಿದ್ದರು.

ನಂಬರ್ ಲಾಕ್ ಇದ್ದರೆ ಹೊಸ ನಂಬರ್ ಹಾಕಿ. ಹುಟ್ಟಿದ ದಿನ, ಮದುವೆಯ ವರ್ಷ, ಗಾಡಿಯ ನಂಬರ್ ಬೇಡ. ಬೆರಳಚ್ಚಿನ ಲಾಕ್ ಆದರೆ ಅವರ ಬೆರಳಚ್ಚು ಅಳಿಸಿ. ಬೀಗದ ಕೈಯನ್ನು ಅದೇ ಮನೆಯ ಹೆಂಡತಿಗೋ ವಯಸ್ಸಾದ ತಾಯಿಗೋ ಒಪ್ಪಿಸುವುದು ಸರಿಯಲ್ಲ. ನಡುರಾತ್ರಿ 'ಕೊಡು' ಅಂತ ಗದರಿದರೆ ಅವರು ಎಷ್ಟು ಹೊತ್ತು ತಡೆದಾರು?

ಮಾತ್ರೆ, ಕೀಟನಾಶಕ ಮನೆಯಲ್ಲಿದ್ದರೆ ಅವಕ್ಕೂ ಇದೇ ಬೀಗ.

## ಹಂತ 6: ಒಂದು ಹಾಳೆಯ ಯೋಜನೆ ಬರೆಯಿರಿ

ಬಂದೂಕು ದೂರವಾಯಿತು. ಈಗ ನಿಮಗೆ ಸಮಯ ಸಿಕ್ಕಿದೆ. ಆ ಹೊತ್ತನ್ನು ಬುದ್ಧಿಮಾತಿಗೆ ಖರ್ಚು ಮಾಡಬೇಡಿ. ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗರಿ ಬ್ರೌನ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ರೂಪಿಸಿದ ಸುರಕ್ಷತಾ ಯೋಜನೆ ಈಗ ಹಲವು ಕಡೆ ಬಳಕೆಯಲ್ಲಿದೆ. ಡಾಕ್ಟರ್ ಅಥವಾ ಆಪ್ತಸಮಾಲೋಚಕರ ಜೊತೆ ಕೂತು ಬರೆದರೆ ಉತ್ತಮ. ಅವರು ಸಿಗುವವರೆಗೆ ನೀವಿಬ್ಬರೇ ಶುರು ಮಾಡಬಹುದು.

ಅದರಲ್ಲಿರುವುದು ಆರೇ ವಿಷಯ. ಒಂದು, ಯೋಚನೆ ಬರುವ ಮುಂಚೆ ನನ್ನಲ್ಲಿ ಏನಾಗುತ್ತದೆ. ಎರಡು, ಒಬ್ಬನೇ ಇದ್ದಾಗ ಅದನ್ನು ದಾಟಲು ಏನು ಮಾಡಬಲ್ಲೆ. ಮೂರು, ಮನಸ್ಸು ಬೇರೆ ಕಡೆ ಹೊರಳಿಸಲು ಯಾರ ಹತ್ತಿರ, ಎಲ್ಲಿಗೆ ಹೋಗಬಹುದು. ನಾಲ್ಕು, ಬಾಯಿಬಿಟ್ಟು ಸಹಾಯ ಕೇಳಬಹುದಾದವರು. ಐದು, ಡಾಕ್ಟರ್ ಮತ್ತು ಸಹಾಯವಾಣಿ. ಆರು, ಸುತ್ತಲಿನ ಜಾಗವನ್ನು ಸುರಕ್ಷಿತ ಮಾಡುವುದು. ಆರನೆಯದನ್ನು ನಾವು ಮೊದಲೇ ಮುಗಿಸಿದ್ದೇವೆ, ಅಷ್ಟೇ ವ್ಯತ್ಯಾಸ.

ಪದಗಳು ಅವರವೇ ಇರಲಿ. 'ಖಿನ್ನತೆಯ ಲಕ್ಷಣ ಕಂಡಾಗ' ಅಂತ ನೀವು ಬರೆದರೆ ಆ ಹಾಳೆ ಡ್ರಾಯರಿಗೆ ಹೋಗುತ್ತದೆ. 'ಸಂಜೆ ಆರಕ್ಕೆ ಎದೆ ಭಾರ ಆಗಿ ಫೋನ್ ಆಫ್ ಮಾಡಿದಾಗ' ಅಂತ ಅವರೇ ಹೇಳಿದರೆ ಅದನ್ನೇ ಬರೆಯಿರಿ. ಹೆಸರಿನ ಮುಂದೆ ನಂಬರ್ ಇರಲಿ, ಹಾಳೆಯ ಫೋಟೋ ಅವರ ಮೊಬೈಲಿನಲ್ಲಿರಲಿ. ಆ ರಾತ್ರಿ ಒಂಟಿಯಾಗಿ ಬಿಡಬೇಡಿ. ಮಾತಾಡಲೇಬೇಕು ಅಂತಿಲ್ಲ, ಪಕ್ಕದ ಹಾಸಿಗೆಯಲ್ಲಿ ಒಬ್ಬರಿದ್ದರೆ ಸಾಕು.

## ಹಂತ 7: ಮುಂದಿನ ವಾರಗಳು

ಮೊದಲ ವಾರ ಮನೆ ತುಂಬಾ ಜನ, ಮೂರನೇ ವಾರಕ್ಕೆ ಯಾರೂ ಇಲ್ಲ. ಇದೇ ದೊಡ್ಡ ಲೋಪ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೆರೋಮ್ ಮೋಟೋ ಅನ್ನುವ ಮನೋವೈದ್ಯರು, ಚಿಕಿತ್ಸೆ ಮುಂದುವರಿಸಲು ಒಪ್ಪದ ರೋಗಿಗಳಲ್ಲಿ ಒಂದು ಗುಂಪಿಗೆ ಆಗಾಗ ಚಿಕ್ಕ ಪತ್ರ ಕಳಿಸುತ್ತಿದ್ದರು. ಹೇಗಿದ್ದೀರಿ ಅನ್ನುವಷ್ಟೇ ವಿಷಯ, ಬೇಡಿಕೆ ಏನೂ ಇಲ್ಲ. ಪತ್ರ ಬಾರದ ಗುಂಪಿಗಿಂತ ಈ ಗುಂಪಿನಲ್ಲಿ ಮೊದಲ ಎರಡು ವರ್ಷ ಆತ್ಮಹತ್ಯೆ ಕಡಿಮೆ ಇತ್ತು.

ನೀವೂ ಒಂದು ಸಾಲಿನ ಮೆಸೇಜ್ ಕಳಿಸಿ. ಉತ್ತರ ಬಾರದಿದ್ದರೆ 'ಯಾಕೆ ಉತ್ತರಿಸಲಿಲ್ಲ' ಅಂತ ಕೇಳಬೇಡಿ, ನಾಲ್ಕು ದಿನ ಬಿಟ್ಟು ಇನ್ನೊಂದು ಕಳಿಸಿ. ಡಾಕ್ಟರ ದಿನಾಂಕ ನೆನಪಿಸಿ, ಆದರೆ ಜೊತೆಗೂ ಹೋಗಿ. ಸೂಚನೆಗಳು ಮತ್ತೆ ಕಂಡರೆ ಹಂತ 2ರಿಂದ ಶುರು. ಒಮ್ಮೆ ಕೇಳಿದ್ದೀವಲ್ಲ ಅಂತ ಬಿಡುವಂತಿಲ್ಲ. ನಿಮ್ಮ ಪಾಳಿಯನ್ನು ಇನ್ನಿಬ್ಬರ ಜೊತೆ ಹಂಚಿಕೊಳ್ಳಿ, ನಿದ್ದೆಗೆಟ್ಟವರು ಕಾವಲು ಕಾಯಲಾರರು.

## ಹಂತ 8: ವಾಪಸ್ ಕೊಡುವುದು ಯಾವಾಗ

ಇದನ್ನು ಒಯ್ಯುವ ದಿನವೇ ಮಾತಾಡಿ ಬರೆದಿಡಿ. ಇಲ್ಲದಿದ್ದರೆ ಹತ್ತು ದಿನಕ್ಕೇ 'ನಾನು ಸರಿಯಾಗಿದ್ದೀನಿ, ತಂದುಕೊಡು' ಅನ್ನುವ ಜಗಳ ಶುರುವಾಗುತ್ತದೆ. ತಾರೀಕು ಗೊತ್ತುಮಾಡಬೇಡಿ, ಷರತ್ತು ಗೊತ್ತುಮಾಡಿ: ಕೆಲವು ತಿಂಗಳಿಂದ ಸಾಯುವ ಯೋಚನೆ ಇಲ್ಲ, ನಿದ್ದೆ ಊಟ ಸರಿಯಾಗಿದೆ, ಕುಡಿತ ಹತೋಟಿಯಲ್ಲಿದೆ, ಚಿಕಿತ್ಸೆ ಕೊಡುತ್ತಿರುವವರು ಒಪ್ಪಿದ್ದಾರೆ. ಇಟ್ಟುಕೊಂಡವರೊಬ್ಬರೇ ತೀರ್ಮಾನಿಸುವುದು ಬೇಡ, ಅವರ ಮೇಲೆ ಒತ್ತಡ ಬೀಳುತ್ತದೆ. ಇಬ್ಬರು 'ಸರಿ' ಅನ್ನಬೇಕು ಅಂತ ಇಟ್ಟುಕೊಳ್ಳಿ.

ಕೇಳುವ ರೀತಿಯನ್ನೂ ಗಮನಿಸಿ. 'ಮುಂದಿನ ತಿಂಗಳು ನೋಡೋಣ' ಅಂದಾಗ ಗೊಣಗಿ ಒಪ್ಪುವುದು ಬೇರೆ, 'ಇವತ್ತೇ, ಈಗಲೇ ಬೇಕು' ಅಂತ ಹಟ ಹಿಡಿಯುವುದು ಬೇರೆ. ಎರಡನೆಯದು ಕಂಡರೆ ಅಂದು ಕೊಡುವುದಿಲ್ಲ, ಡಾಕ್ಟರಿಗೆ ಫೋನ್ ಮಾಡುವುದು. ವಾಪಸ್ ಬಂದ ಮೇಲೂ ಬೀಗ, ಬೇರೆಯಾಗಿಟ್ಟ ಗುಂಡು, ಹೊರಗಿರುವ ಬೀಗದ ಕೈ, ಈ ಮೂರೂ ಮುಂದುವರಿಯಲಿ. ಕೆಲವರು ಆ ಹೊತ್ತಿಗೆ 'ಇನ್ನು ಮನೇಲಿ ಬೇಡ, ಮಾರಿಬಿಡೋಣ' ಅಂತ ತಾವೇ ಹೇಳುತ್ತಾರೆ. ಹಾಗೆ ಹೇಳಿದರೆ ಮಾರಾಟದ ಕಾಗದಪತ್ರದ ಓಡಾಟ ನೀವೇ ವಹಿಸಿಕೊಳ್ಳಿ.